‘ಮಾನಸಿಕ ಅಸ್ವಸ್ಥ’ ಎಂದು ಬರೆಯುವ ಮುನ್ನ: ತಾಲ್ಲೂಕು ವರದಿಗಾರರಿಗೆ ಒಂದು ಕೈಪಿಡಿ

ಇಪ್ಪತ್ತಾರು ವರ್ಷ ನಾನು ಒಂದು ಕನ್ನಡ ದಿನಪತ್ರಿಕೆಯ ಜಿಲ್ಲಾ ಆವೃತ್ತಿಯ ಡೆಸ್ಕಿನಲ್ಲಿ ಕುಳಿತು ತಾಲ್ಲೂಕುಗಳಿಂದ ಬರುವ ಸುದ್ದಿಗಳನ್ನು ತಿದ್ದಿದ್ದೇನೆ. ನಿವೃತ್ತಿಯಾದ ಮೇಲೆ ಹೊಸ ವರದಿಗಾರರ ತರಬೇತಿಗೆ ಆಗಾಗ ಕರೆಯುತ್ತಾರೆ. ಅಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಪತ್ರಿಕೆಗೆ ಬರೆಯುವವರಿಗೂ ಊರಿನ ಯೂಟ್ಯೂಬ್ ಚಾನೆಲ್ ನಡೆಸುವವರಿಗೂ ಇದು ಒಂದೇ. ಶುರು ಮಾಡುವುದು ನಾನೇ ಕೊಟ್ಟ ಒಂದು ತಲೆಬರಹದಿಂದ.

2006ರ ಸುಮಾರಿನ ಮಾತು. ಮಲೆನಾಡಿನ ಅಂಚಿನ ಒಂದು ತಾಲ್ಲೂಕಿನಿಂದ ರಾತ್ರಿ ಒಂಬತ್ತಕ್ಕೆ ಫ್ಯಾಕ್ಸ್ ಬಂತು. ಒಂಬತ್ತೂವರೆಗೆ ಪುಟ ಬಿಡಬೇಕು. ಅಚ್ಚಾದದ್ದು ಹೀಗೆ:

‘ಬಸ್ ನಿಲ್ದಾಣದಲ್ಲಿ ಮಾನಸಿಕ ಅಸ್ವಸ್ಥನ ಹುಚ್ಚಾಟ. ಪಟ್ಟಣದ ಬಸ್ ನಿಲ್ದಾಣದಲ್ಲಿ ಮಂಗಳವಾರ ಮಾನಸಿಕ ಅಸ್ವಸ್ಥನೊಬ್ಬ ಏಕಾಏಕಿ ಬಸ್ಸಿಗೆ ಕಲ್ಲು ತೂರಿ ಗಾಜು ಒಡೆದಿದ್ದು, ಪ್ರಯಾಣಿಕರು ದಿಕ್ಕಾಪಾಲಾಗಿ ಓಡಿದರು. ರೊಚ್ಚಿಗೆದ್ದ ಸಾರ್ವಜನಿಕರು ಆತನನ್ನು ಕಂಬಕ್ಕೆ ಕಟ್ಟಿ ಧರ್ಮದೇಟು ನೀಡಿ ಪೊಲೀಸರಿಗೆ ಒಪ್ಪಿಸಿದ್ದಾರೆ.’

ಜೊತೆಗೆ ಕಂಬಕ್ಕೆ ಕಟ್ಟಿದ ಚಿತ್ರ. ಮುಖ ಸ್ಪಷ್ಟವಾಗಿತ್ತು.

ಎರಡು ದಿನ ಬಿಟ್ಟು ಆ ಮನುಷ್ಯನ ತಾಯಿ ಕಚೇರಿಗೆ ಬಂದರು. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಆ ತುಣುಕನ್ನು ಮಡಿಸಿ ಇಟ್ಟುಕೊಂಡಿದ್ದರು. ಜಗಳಕ್ಕೆ ಬಂದವರಲ್ಲ. ‘ಅವನ ಬಲಗೈ ಮುರಿದಿದೆ, ಅದನ್ನು ಬರೆದೇ ಇಲ್ಲವಲ್ಲ ಅಮ್ಮಾ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಈ ಪೇಪರು ಎಷ್ಟು ದಿನ ಇರುತ್ತದೆ?’ ಎಂದು ಕೇಳಿದರು. ಮಗಳಿಗೆ ಗಂಡು ನೋಡುತ್ತಿದ್ದರಂತೆ, ಗಂಡಿನ ಕಡೆಯವರ ಮನೆಗೆ ನಮ್ಮದೇ ಪತ್ರಿಕೆ ಹೋಗುತ್ತಿತ್ತಂತೆ. ನಾಳೆಗೆ ಹಳೆಯದಾಗುತ್ತದೆ ಎಂದು ಸಮಾಧಾನ ಹೇಳಿದೆ. ಅದು ನಿಜವಲ್ಲವೆಂದು ನನಗೆ ಗೊತ್ತಿತ್ತು, ಪ್ರತಿ ತಿಂಗಳ ಸಂಚಿಕೆಗಳಿಗೆ ರಟ್ಟು ಕಟ್ಟಿಸಿ ಇಡುತ್ತಿದ್ದವಳು ನಾನೇ. ಮಾತಿನ ನಡುವೆ ಇನ್ನೊಂದು ಸಂಗತಿ ತಿಳಿಯಿತು. ಮಗನಿಗೆ ಎಂಟು ವರ್ಷದಿಂದ ಚಿಕಿತ್ಸೆ ನಡೆಯುತ್ತಿತ್ತು, ಚೆನ್ನಾಗಿಯೇ ಇದ್ದ. ತಾಲ್ಲೂಕು ಆಸ್ಪತ್ರೆಗೆ ಇಪ್ಪತ್ತು ದಿನದಿಂದ ಮಾತ್ರೆ ಬಂದಿರಲಿಲ್ಲ.

ಒಂದು ಕಾಲಂ ಸುದ್ದಿಯಲ್ಲಿ ನಾವು ಬಿಟ್ಟದ್ದು ಎರಡು: ಮುರಿದ ಕೈ, ಬಾರದ ಮಾತ್ರೆ. ಆ ದಿನದ ನಿಜವಾದ ಸುದ್ದಿ ಅವೆರಡೇ ಆಗಿದ್ದವು.

ಕಾಯಿಲೆಯ ಮಾತು ಈ ಸುದ್ದಿಗೆ ಬೇಕೇ?

ಕಂಪ್ಯೂಟರ್ ತೆರೆಯುವ ಮೊದಲೇ ಇದನ್ನು ಕೇಳಿಕೊಳ್ಳಿ. ಸರ ಕದ್ದವನಿಗೆ ಸಕ್ಕರೆ ಕಾಯಿಲೆ ಇತ್ತೆಂದು ನಾವು ಬರೆಯುವುದಿಲ್ಲ. ಹಾಗಿರುವಾಗ ಐದು ವರ್ಷದ ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದ ಎಂಬುದು ಏಕೆ ಬೇಕು? ನಡೆದ ಘಟನೆಗೂ ಕಾಯಿಲೆಗೂ ಸಂಬಂಧವಿದೆ ಎಂದು ಹೇಳಬಲ್ಲವರು ಹೇಳಿದ್ದರೆ ಮಾತ್ರ ಬರೆಯಿರಿ. ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ಹೊಡೆಯುವವರಲ್ಲ, ಅವರು ಹೊಡೆತ ತಿನ್ನುವ ಸಂಭವವೇ ಹೆಚ್ಚು. ಆದರೆ ನಮ್ಮ ಪುಟಗಳಲ್ಲಿ ಅವರು ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಪರಾಧ ಸುದ್ದಿಯಲ್ಲಿ. ವರ್ಷಗಟ್ಟಲೆ ಇದನ್ನೇ ಓದಿದ ಮನೆಮಾಲೀಕ, ಮಾತ್ರೆ ತೆಗೆದುಕೊಳ್ಳುತ್ತಿರುವ ಮೇಷ್ಟರಿಗೆ ಬಾಡಿಗೆ ಮನೆ ಕೊಡಲು ಹಿಂದೆ ಮುಂದೆ ನೋಡುತ್ತಾನೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಯಾವುದಾದರೂ ಒಂದು ಮಾನಸಿಕ ಸಮಸ್ಯೆ ಇತ್ತು. ನಿಮ್ಮ ಪತ್ರಿಕೆಯ ಹತ್ತು ಓದುಗರಲ್ಲಿ ಒಬ್ಬರು ಎಂದು ಲೆಕ್ಕ ಹಾಕಿ. ನೀವು ಬರೆದದ್ದನ್ನು ನಾಳೆ ಬೆಳಿಗ್ಗೆ ಅವರು ಹೋಟೆಲಿನಲ್ಲಿ ಕುಳಿತು, ಪಕ್ಕದ ಮೇಜಿನವರ ನಗುವಿನ ನಡುವೆ ಓದುತ್ತಾರೆ.

‘ಎನ್ನಲಾಗಿದೆ’: ಅಂದವರು ಯಾರು?

‘ಆರೋಪಿ ಮಾನಸಿಕ ಅಸ್ವಸ್ಥ ಎನ್ನಲಾಗಿದೆ.’ ಈ ವಾಕ್ಯ ನಮ್ಮ ಕೈಗೆ ಎಷ್ಟು ರೂಢಿಯಾಗಿದೆ ಎಂದರೆ, ಅದರಲ್ಲಿ ಮಾತಾಡಿದವರೇ ಇಲ್ಲ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಡೆಸ್ಕಿನಲ್ಲಿ ಕೊನೆಯ ಹತ್ತು ವರ್ಷ ನಾನು ಇಟ್ಟುಕೊಂಡ ನಿಯಮ ಒಂದೇ: ‘ಎನ್ನಲಾಗಿದೆ’ ಎಂದು ಬಂದರೆ ವರದಿಗಾರನಿಗೆ ಫೋನ್ ಮಾಡಿ, ಯಾರು ಅಂದರು ಎಂದು ಕೇಳುವುದು. ಹೆಚ್ಚಿನ ಸಲ ಉತ್ತರ, ‘ಠಾಣೆಯಲ್ಲಿ ಹೇಳಿದರು ಮೇಡಂ’ ಎಂದೋ ‘ಅಕ್ಕಪಕ್ಕದವರು ಹೇಳುತ್ತಾರೆ’ ಎಂದೋ ಇರುತ್ತಿತ್ತು. ಪೊಲೀಸರು ಕಾಯಿಲೆಯನ್ನು ನಿರ್ಧರಿಸುವವರಲ್ಲ, ಅಕ್ಕಪಕ್ಕದವರಂತೂ ಅಲ್ಲವೇ ಅಲ್ಲ. ವಾಕ್ಯ ಹೊಡೆದುಹಾಕುತ್ತಿದ್ದೆ, ಸುದ್ದಿಗೆ ಏನೂ ಕೊರತೆ ಆಗುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗಿ ವೈದ್ಯರನ್ನು ಕೇಳಿದರೆ ಅವರು ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಅವರ ಬಾಯಿ ಕಟ್ಟಿದೆ, ಅದು ಸರಿಯಾಗಿಯೇ ಇದೆ. ವೈದ್ಯರು ಮಾತಾಡಲಿಲ್ಲ ಎಂದು ಅದನ್ನೇ ಅನುಮಾನದ ದನಿಯಲ್ಲಿ ಬರೆಯಬೇಡಿ. ಅವರಿಂದ ನೀವು ಕೇಳಬಹುದಾದದ್ದು ಕಾಯಿಲೆಯ ಸಾಮಾನ್ಯ ಮಾಹಿತಿ: ಚಿಕಿತ್ಸೆ ಏನು, ಎಲ್ಲಿ ಸಿಗುತ್ತದೆ, ಖರ್ಚೆಷ್ಟು.

ನ್ಯಾಯಾಲಯದ ವರದಿಯಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಚಿತ್ತಸ್ವಾಸ್ಥ್ಯ ಇಲ್ಲದ ಸ್ಥಿತಿಯಲ್ಲಿ ಮಾಡಿದ ಕೃತ್ಯ, ಆದ್ದರಿಂದ ಅಪರಾಧವಲ್ಲ ಎಂಬ ವಾದ ಹಿಂದೆ ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್‌ನಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 22ರಲ್ಲಿದೆ. ಅದು ಕಾನೂನಿನ ಮಾತು, ವೈದ್ಯಕೀಯದ್ದಲ್ಲ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂಬುದರಿಂದಲೇ ಅವರ ಚಿತ್ತಸ್ವಾಸ್ಥ್ಯ ಹೋಗಿದೆ ಎಂದು ಅರ್ಥವಲ್ಲ ಎಂದು 2017ರ ಕಾಯ್ದೆಯೇ ಬಿಡಿಸಿ ಹೇಳುತ್ತದೆ. ವಕೀಲರು ವಾದಿಸಿದ್ದರೆ ‘ವಕೀಲರು ವಾದಿಸಿದರು’ ಎಂದಷ್ಟೇ ಬರೆಯಿರಿ.

ಆತ, ಅವರು

ಪದಗಳ ಪಟ್ಟಿಗೆ ಹೋಗುವ ಮೊದಲು ಒಂದು ವಿಭಕ್ತಿ ಪ್ರತ್ಯಯಕ್ಕಿಂತಲೂ ಚಿಕ್ಕದಾದ ವಿಷಯ. ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲಿ ಇರುತ್ತದೆ. ಶಾಸಕರು ‘ಹೇಳಿದರು’, ಮಾನಸಿಕ ಕಾಯಿಲೆಯವನು ‘ಹೇಳಿದ’. ಹಾರ್ಟ್ ಆಪರೇಷನ್ ಆದ ವ್ಯಾಪಾರಿ ‘ಚೇತರಿಸಿಕೊಂಡಿದ್ದಾರೆ’, ನಿಮ್ಹಾನ್ಸ್‌ನಿಂದ ಬಂದ ಕೂಲಿಕಾರ ‘ಚೇತರಿಸಿಕೊಂಡಿದ್ದಾನೆ’. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಕೈ ತಾನಾಗಿ ಬರೆಯುತ್ತದೆ. ಆದ್ದರಿಂದಲೇ ಬೇಕೆಂದು ತಿದ್ದಬೇಕು. ಬರೆದು ಮುಗಿದ ಮೇಲೆ ಒಂದು ಸಲ ಬರೀ ಕ್ರಿಯಾಪದಗಳನ್ನು ಓದಿ. ‘ಆತ’ ಇದ್ದಲ್ಲಿ ‘ಅವರು’ ಹಾಕಿ. ಹೆಚ್ಚೆಂದರೆ ಒಂದು ಅಕ್ಷರದ ಜಾಗ ಜಾಸ್ತಿ ಬೇಕಾದೀತು.

ಇನ್ನು ಪದಗಳು. ‘ಹುಚ್ಚ’, ‘ಅರೆಹುಚ್ಚ’, ‘ತಲೆಕೆಟ್ಟವ’, ‘ಸೈಕೋ’ ಇವಕ್ಕೆ ಚರ್ಚೆಯೇ ಬೇಡ. ‘ಸೈಕೋ ಗಂಡ’ ಎಂಬ ಟಿ.ವಿ. ಪಟ್ಟಿಯಲ್ಲಿ ಗಂಡನ ಕ್ರೌರ್ಯ ಕಾಯಿಲೆಯ ಹೆಗಲಿಗೆ ಹೋಗುತ್ತದೆ, ಕ್ರೂರಿಗೂ ಅದರಿಂದ ಅನುಕೂಲವೇ. ಹೆಂಡತಿಗೆ ಹೊಡೆಯುವವನನ್ನು ಹೊಡೆಯುವವನೆಂದೇ ಕರೆಯಿರಿ. ‘ಮಾನಸಿಕ ಅಸ್ವಸ್ಥ’ ಸಭ್ಯ ಪದವೆಂದು ನಾವು ನಂಬಿದ್ದೇವೆ, ಆದರೆ ಅದೂ ಇಡೀ ಮನುಷ್ಯನ ಮೇಲೆ ಒತ್ತಿದ ಮುದ್ರೆ. ‘ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಹಿಳೆ’ ಎನ್ನಿ. ತಲೆಬರಹದಲ್ಲಿ ಜಾಗ ಇಲ್ಲ ಎಂಬ ತಕರಾರು ಪ್ರತಿ ತರಬೇತಿಯಲ್ಲೂ ಬರುತ್ತದೆ. ಆ ವ್ಯಕ್ತಿ ಇನ್ನೇನು ಎಂದು ನೋಡಿ: ರೈತ, ಯುವಕ, ಪ್ರಯಾಣಿಕ, ತಾಯಿ. ‘ಮಾನಸಿಕ ಅಸ್ವಸ್ಥ’ಕ್ಕಿಂತ ಇವೆಲ್ಲ ಚಿಕ್ಕವು.

‘ಬುದ್ಧಿಮಾಂದ್ಯ’ ಮತ್ತು ‘ಮಾನಸಿಕ ಅಸ್ವಸ್ಥ’ ಎರಡನ್ನೂ ಒಂದೇ ಸುದ್ದಿಯಲ್ಲಿ ಅದಲು ಬದಲು ಮಾಡಿದ ಎಷ್ಟೋ ಪ್ರತಿಗಳು ನನ್ನ ಕೈ ದಾಟಿವೆ. ಬೌದ್ಧಿಕ ಅಂಗವೈಕಲ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ, ಕಾಯ್ದೆಯ ವ್ಯಾಖ್ಯೆ ಕೂಡ ಎರಡನ್ನೂ ಪ್ರತ್ಯೇಕವಾಗಿ ಇಟ್ಟಿದೆ. ಹಾಗೆಯೇ ಸ್ಕಿಜೋಫ್ರೇನಿಯಾ ಎಂದರೆ ಒಬ್ಬನೊಳಗೆ ಇಬ್ಬರು ಇರುವುದಲ್ಲ. ಇಲ್ಲದ ದನಿ ಕೇಳುವುದು, ಯಾರೋ ಬೆನ್ನು ಹತ್ತಿದ್ದಾರೆಂಬ ಗಟ್ಟಿ ನಂಬಿಕೆ, ಮಾತಿನ ಎಳೆ ತಪ್ಪುವುದು, ಎಲ್ಲದರಿಂದ ಹಿಂದೆ ಸರಿಯುವುದು ಅದರ ಲಕ್ಷಣಗಳು. ಜಪಾನಿನಲ್ಲಿ ಆ ಕಾಯಿಲೆಯ ಹಳೆಯ ಹೆಸರಿಗೆ ‘ಸೀಳಿದ ಮನಸ್ಸಿನ ರೋಗ’ ಎಂಬ ಅರ್ಥವಿತ್ತು. ಆ ಹೆಸರಿನಿಂದಲೇ ರೋಗಿಗಳಿಗೆ ತೊಂದರೆ ಎಂದು ಮನೆಯವರು ಹಟ ಹಿಡಿದ ಮೇಲೆ 2002ರಲ್ಲಿ ಅದನ್ನು ಬದಲಾಯಿಸಿದರು. ಕನ್ನಡದಲ್ಲಿ ‘ಚಿತ್ತವಿಕಲತೆ’ ಎಂದೂ ಬರೆಯುತ್ತಾರೆ. ನಾನು ‘ಸ್ಕಿಜೋಫ್ರೇನಿಯಾ’ ಎಂದೇ ಬಿಡುತ್ತಿದ್ದೆ, ಏಕೆಂದರೆ ಮಾತ್ರೆ ಚೀಟಿಯಲ್ಲಿ, ಆಸ್ಪತ್ರೆಯ ಪುಸ್ತಕದಲ್ಲಿ ಮನೆಯವರು ನೋಡಿರುವುದು ಅದನ್ನೇ.

‘ಹುಚ್ಚು’ ಎಂಬ ಪದದ ಮೇಲೆಯೇ ನನಗೆ ಸಿಟ್ಟಿಲ್ಲ. ನಮ್ಮ ಕಡೆ ಹುಚ್ಚಪ್ಪ, ಹುಚ್ಚಮ್ಮ ಎಂದು ಮಕ್ಕಳಿಗೆ ಪ್ರೀತಿಯಿಂದ ಹೆಸರಿಟ್ಟಿದ್ದಾರೆ. ಹುಚ್ಚೆಳ್ಳಿನ ಚಟ್ನಿಪುಡಿ ನಮ್ಮ ಮನೆಯಲ್ಲಿ ಇವತ್ತಿಗೂ ಮಾಡುತ್ತೇವೆ. ಪದ ಭಾಷೆಯಲ್ಲಿ ಇರಲಿ, ಕಾಯಿಲೆ ಬಿದ್ದ ಮನುಷ್ಯನ ಮೇಲೆ ಎಸೆಯಬೇಡಿ ಎಂಬುದಷ್ಟೇ ನನ್ನ ಮಾತು. ‘ಹುಚ್ಚಾಸ್ಪತ್ರೆ’ಯನ್ನಂತೂ ಬಿಟ್ಟೇಬಿಡಿ. ಬೆಂಗಳೂರಿನ ಲುನಾಟಿಕ್ ಅಸೈಲಮ್ ಎಂಬ ಹೆಸರನ್ನು ಮೈಸೂರು ಸರ್ಕಾರ 1925ರಲ್ಲಿಯೇ ತೆಗೆದು ಮೆಂಟಲ್ ಹಾಸ್ಪಿಟಲ್ ಎಂದು ಮಾಡಿತು. ಅದೇ ಮುಂದೆ 1974ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ನೂರು ವರ್ಷದ ಹಿಂದೆ ಸರ್ಕಾರ ಬಿಟ್ಟ ಪದವನ್ನು ನಾವು ಹಿಡಿದುಕೊಂಡು ಕೂರುವುದು ಏಕೆ?

ಚುನಾವಣೆ ಬಂದರೆ ಒಬ್ಬ ರಾಜಕಾರಣಿ ಇನ್ನೊಬ್ಬರನ್ನು ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುತ್ತಾರೆ, ನಾವು ಅದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ನಿಮ್ಹಾನ್ಸ್‌ಗೆ ಪಾರ್ಶ್ವವಾಯು ಆದವರು, ಮೂರ್ಛೆರೋಗದವರು, ತಲೆಗೆ ಪೆಟ್ಟು ಬಿದ್ದವರು ದಿನವೂ ಹೋಗುತ್ತಾರೆ. ಅಲ್ಲಿಗೆ ಹೋಗಬೇಕಾದವರು ಬಸ್ಸಿನಲ್ಲಿ ಪಕ್ಕದವರಿಗೆ ‘ಜಯದೇವಕ್ಕೆ’ ಎಂದು ಸುಳ್ಳು ಹೇಳುವುದನ್ನು ನಾನೇ ಕೇಳಿದ್ದೇನೆ. ಭಾಷಣದ ಆ ಸಾಲು ಸುದ್ದಿಯೊಳಗೆ ಬರಲೇಬೇಕಾದರೆ ಬರಲಿ, ತಲೆಬರಹಕ್ಕೆ ಏರಿಸಬೇಡಿ.

ಆ ಸುದ್ದಿಯನ್ನು ಮತ್ತೆ ಬರೆಯುವುದು

ತರಬೇತಿಯಲ್ಲಿ ನಾನು ಆ ಹಳೆಯ ಸುದ್ದಿಯನ್ನು, ಊರು ಅಳಿಸಿ, ಎಲ್ಲರಿಗೂ ಕೊಟ್ಟು ತಿದ್ದಲು ಹೇಳುತ್ತೇನೆ. ಹೆಚ್ಚಿನವರು ‘ಹುಚ್ಚಾಟ’ವನ್ನು ಹೊಡೆಯುತ್ತಾರೆ, ‘ಮಾನಸಿಕ ಅಸ್ವಸ್ಥ’ವನ್ನು ತಿದ್ದುತ್ತಾರೆ. ‘ಧರ್ಮದೇಟು’ ಹಾಗೆಯೇ ಉಳಿಯುತ್ತದೆ.

ಆ ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಹತ್ತು ಜನ ಸೇರಿ ಒಬ್ಬನನ್ನು ಕಟ್ಟಿಹಾಕಿ ಕೈ ಮುರಿಯುವಂತೆ ಹೊಡೆದದ್ದು ಹಲ್ಲೆ. ಅದು ಅಪರಾಧ. ಅದಕ್ಕೆ ‘ಧರ್ಮ’ ಸೇರಿಸಿದ ಕೂಡಲೇ ಅಪರಾಧ ಸುದ್ದಿಯಿಂದ ಮಾಯವಾಗಿ, ಹೊಡೆದವರು ‘ಸಾರ್ವಜನಿಕರು’ ಆಗುತ್ತಾರೆ. ‘ರೊಚ್ಚಿಗೆದ್ದ’ ಎಂಬುದು ಅವರಿಗೆ ಕಾರಣವನ್ನೂ ಒದಗಿಸುತ್ತದೆ. ಕಲ್ಲು ಎಸೆದವನಿಗೆ ಮಾತ್ರ ಕಾರಣವಿಲ್ಲ, ಅವನು ‘ಏಕಾಏಕಿ’ ಎಸೆದ. ಈಗ ಬರೆದರೆ ನಾನು ಹೀಗೆ ಬರೆಯುತ್ತೇನೆ:

‘ಬಸ್ ನಿಲ್ದಾಣದಲ್ಲಿ ಗುಂಪು ಹಲ್ಲೆ: ವ್ಯಕ್ತಿಯ ಕೈ ಮುರಿತ. ಬಸ್ಸಿನ ಗಾಜಿಗೆ ಕಲ್ಲು ಎಸೆದ 32 ವರ್ಷದ ವ್ಯಕ್ತಿಯನ್ನು ಮಂಗಳವಾರ ಗುಂಪೊಂದು ಕಂಬಕ್ಕೆ ಕಟ್ಟಿ ಹೊಡೆದಿದ್ದು, ಅವರ ಬಲಗೈ ಮುರಿದಿದೆ. ಪೊಲೀಸರು ಬಿಡಿಸಿ ಆಸ್ಪತ್ರೆಗೆ ಸೇರಿಸಿದ್ದಾರೆ. ಹಲ್ಲೆ ಮಾಡಿದವರ ವಿರುದ್ಧ ಪ್ರಕರಣ ದಾಖಲಾಗಿಲ್ಲ. ಬಸ್ಸಿನಲ್ಲಿದ್ದ ಯಾರಿಗೂ ಗಾಯವಾಗಿಲ್ಲ.’

ಇದರಲ್ಲಿ ಕಾಯಿಲೆಯ ಹೆಸರಿಲ್ಲ. ಕಾಯಿಲೆಯ ಸುದ್ದಿ ಬೇರೆಯೇ ಇದೆ: ‘ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತು ದಿನದಿಂದ ಮನೋರೋಗದ ಮಾತ್ರೆ ಇಲ್ಲ’. ಅದನ್ನು ಮಾರನೇ ದಿನ, ಆ ಮನೆಯವರ ಪ್ರಸ್ತಾಪವಿಲ್ಲದೆ, ಆಸ್ಪತ್ರೆಯ ದಾಸ್ತಾನು ಪುಸ್ತಕ ಮುಂದಿಟ್ಟುಕೊಂಡು ಬರೆಯಬೇಕಿತ್ತು.

ಇವತ್ತು ಇಂಥ ಘಟನೆ ನಡೆದರೆ ಠಾಣೆಯಲ್ಲಿ ಕೇಳಲು ನಿಮ್ಮ ಬಳಿ ಇನ್ನೊಂದು ಪ್ರಶ್ನೆ ಇದೆ. ಮಾನಸಿಕ ಕಾಯಿಲೆಯಿಂದ ದಿಕ್ಕಿಲ್ಲದೆ ಅಲೆಯುತ್ತಿರುವವರನ್ನು, ತಮ್ಮನ್ನು ನೋಡಿಕೊಳ್ಳಲಾಗದವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ ಎಂದು ಕಾಯ್ದೆಯ 100ನೇ ಸೆಕ್ಷನ್ ಹೇಳುತ್ತದೆ. ಅವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ‘ಮಾನಸಿಕ ಅಸ್ವಸ್ಥರ ಹಾವಳಿ, ಸಾರ್ವಜನಿಕರಿಗೆ ಕಿರಿಕಿರಿ’ ಎಂದು ಬರೆಯುವ ಬದಲು, ಈ ವರ್ಷ ನಿಮ್ಮ ಠಾಣೆ ಎಷ್ಟು ಜನರನ್ನು ಹೀಗೆ ಆಸ್ಪತ್ರೆಗೆ ಸೇರಿಸಿದೆ ಎಂದು ಕೇಳಿ. ಉತ್ತರ ಏನೇ ಬರಲಿ, ಅದು ಸುದ್ದಿ.

ಚಿತ್ರ ಮತ್ತು ವಿಡಿಯೊ

ಇಲ್ಲಿ ಯೋಚಿಸುವಂಥದ್ದು ಕಡಿಮೆ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನಾಗಲೀ ಬೇರಾವ ಮಾಹಿತಿಯನ್ನಾಗಲೀ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ, ಕಾಯ್ದೆಯ 24ನೇ ಸೆಕ್ಷನ್. 2019ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಪತ್ರಿಕಾ ಮಂಡಳಿ ಹೊರಡಿಸಿದ ಮಾರ್ಗಸೂಚಿಯೂ ಅದನ್ನೇ ಪತ್ರಿಕೆಗಳಿಗೆ ಹೇಳಿದೆ. ಒಪ್ಪಿಗೆ ರೋಗಿಯದ್ದಾಗಿರಬೇಕು. ದಾನ ಕೊಡಲು ಬಂದ ಸಂಘದವರು ಹಣ್ಣು ಹಂಚುತ್ತಾ ನಿಂತು ತೆಗೆಸಿದ ಫೋಟೊಗೆ ವಾರ್ಡನ್ ತಲೆ ಆಡಿಸಿದರೆ ಅದು ಒಪ್ಪಿಗೆಯಲ್ಲ.

ತಲೆ ಹಿಡಿದುಕೊಂಡು ಕತ್ತಲ ಮೂಲೆಯಲ್ಲಿ ಕೂತ ಹೆಣ್ಣುಮಗಳ ಸಂಗ್ರಹ ಚಿತ್ರವನ್ನೂ ಬಿಡಿ. ಖಿನ್ನತೆ ಇರುವವರು ಸೀರೆ ಉಟ್ಟು ಕಚೇರಿಗೆ ಹೋಗುತ್ತಾರೆ, ಹಾಲು ಕರೆಯುತ್ತಾರೆ, ಮಕ್ಕಳಿಗೆ ಟಿಫನ್ ಕಟ್ಟುತ್ತಾರೆ. ಸರಪಳಿಯ ಚಿತ್ರ ಸಿಕ್ಕರೆ ಮಾತ್ರ ಬೇರೆ ಮಾತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ತಪ್ಪಿಸಿಕೊಳ್ಳಲಾಗದೆ ಸತ್ತರು. ಸರಪಳಿ ಹಾಕುವುದನ್ನು ಈಗ ಅದೇ ಕಾಯ್ದೆಯ 95ನೇ ಸೆಕ್ಷನ್ ಪೂರ್ತಿ ನಿಷೇಧಿಸಿದೆ. ಆದ್ದರಿಂದ ಅಂಥದ್ದು ಕಣ್ಣಿಗೆ ಬಿದ್ದರೆ ಸರಪಳಿಯನ್ನು ತೋರಿಸಿ, ಬೀಗ ತೋರಿಸಿ, ಹಾಕಿದವರನ್ನು ಪ್ರಶ್ನಿಸಿ. ಮುಖ ಬೇಡ.

ಆತ್ಮಹತ್ಯೆಯ ಸುದ್ದಿ

ಇದನ್ನು ಬರೆಯುವಾಗ ನಿಧಾನಿಸಿ, ಇದರಲ್ಲಿ ತಪ್ಪಿದರೆ ಜೀವ ಹೋಗಬಹುದು. ವಿಯೆನ್ನಾ ನಗರದಲ್ಲಿ ಮೆಟ್ರೊ ರೈಲು 1978ರಲ್ಲಿ ಬಂತು. ಕೆಲವು ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆಗಳು ಹೆಚ್ಚಿದವು, ಪತ್ರಿಕೆಗಳು ಅವನ್ನು ರೋಚಕವಾಗಿ ಬರೆದವು. 1987ರಲ್ಲಿ ತಜ್ಞರು ಪತ್ರಿಕೆಗಳಿಗೆ ಮಾರ್ಗಸೂಚಿ ಕೊಟ್ಟರು, ಪತ್ರಿಕೆಗಳು ಒಪ್ಪಿ ಸುದ್ದಿಯನ್ನು ಚಿಕ್ಕದು ಮಾಡಿದವು ಅಥವಾ ಬಿಟ್ಟವು. ಅದೇ ವರ್ಷದ ಎರಡನೇ ಅರ್ಧದಲ್ಲಿ ಮೆಟ್ರೊ ಹಳಿಯ ಮೇಲಿನ ಸಾವುಗಳು ಮುಕ್ಕಾಲು ಪಾಲಿನಷ್ಟು ಇಳಿದವು.

ಮುಖಪುಟಕ್ಕೆ ತರಬೇಡಿ. ಹೇಗೆ, ಎಲ್ಲಿ ಎಂಬ ವಿವರ ಬೇಡ. ಬರೆದಿಟ್ಟ ಪತ್ರದ ಚಿತ್ರ ಬೇಡ. ‘ಸಾವಿಗೆ ಶರಣು’ ಎಂಬ ತಲೆಬರಹ ಬೇಡ, ಶರಣು ಎಂಬುದು ನಮ್ಮಲ್ಲಿ ದೇವರ ಮುಂದೆ ಆಡುವ ಮಾತು. ಉಳಿದುಕೊಂಡವರ ಬಗ್ಗೆ ‘ಯತ್ನ ವಿಫಲ’ ಎನ್ನಬೇಡಿ. ‘ಜೀವನದಲ್ಲಿ ಜಿಗುಪ್ಸೆಗೊಂಡು’, ‘ಹೊಟ್ಟೆನೋವು ತಾಳಲಾರದೆ’, ‘ಮನನೊಂದು’: ಠಾಣೆಯ ಟಿಪ್ಪಣಿಯಿಂದ ನಮ್ಮ ಪುಟಕ್ಕೆ ನೇರವಾಗಿ ಇಳಿಯುವ ಈ ಮಾತುಗಳು ಒಂದು ಸಾವಿಗೆ ಒಂದೇ ಕಾರಣ ಹಚ್ಚುತ್ತವೆ. ಅಂಕ ಕಡಿಮೆ ಬಂತೆಂದು ಹೀಗೆ ಮಾಡಿಕೊಂಡಳು ಎಂದು ಓದಿದ, ಅಷ್ಟೇ ಅಂಕ ಬಂದ ಇನ್ನೊಬ್ಬ ಹುಡುಗಿ ಆ ದಿನ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನಾವು ಮೊದಲ ಸ್ಥಾನ ಪಡೆದವರ ಫೋಟೊ ಪಕ್ಕದಲ್ಲಿಯೇ ಪೂರಕ ಪರೀಕ್ಷೆಯ ಅರ್ಜಿಯ ಮಾಹಿತಿಯನ್ನು ಅದೇ ಅಳತೆಯ ಅಕ್ಷರದಲ್ಲಿ ಹಾಕಲು ಶುರು ಮಾಡಿದೆವು. ಡೆಸ್ಕಿನಲ್ಲಿ ನಾನು ಹಟ ಹಿಡಿದು ಮಾಡಿಸಿದ ಕೆಲಸಗಳಲ್ಲಿ ಇದು ನನಗೆ ತೃಪ್ತಿ ಕೊಟ್ಟದ್ದು.

ಬದುಕಿ ಉಳಿದವರ ಮೇಲೆ ‘ಪ್ರಕರಣ ದಾಖಲಿಸಲಾಗುವುದು’ ಎಂಬ ಹಳೆಯ ಸಾಲನ್ನು ಕೈಬಿಡಿ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ ಹಳೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಇಲ್ಲ.

ನಟ ಸುಶಾಂತ್ ಸಿಂಗ್ ರಜಪೂತ್ 2020ರಲ್ಲಿ ತೀರಿಕೊಂಡಾಗ ಅವರ ಚಿಕಿತ್ಸೆಯ ವಿವರಗಳನ್ನು ರಾತ್ರಿಯೆಲ್ಲ ಟಿ.ವಿ.ಯಲ್ಲಿ ಚರ್ಚಿಸಿದ್ದು ನೆನಪಿರಬಹುದು. ಪತ್ರಿಕಾ ಮಂಡಳಿ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಮರುವರ್ಷ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಹೀಗೆ ಸತ್ತವರನ್ನು ದುರ್ಬಲ ವ್ಯಕ್ತಿತ್ವದವರೆಂದು ಚಿತ್ರಿಸಬೇಡಿ ಎಂದು ಹೇಳಿತು.

ಪ್ರತಿ ಸುದ್ದಿಯ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಹಾಕಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ಕನ್ನಡದಲ್ಲಿ ಸಿಗುತ್ತದೆ, ರಾತ್ರಿಯೂ ಎತ್ತುತ್ತಾರೆ. ಹಾಕುವ ಮೊದಲು ನೀವೇ ಒಂದು ಸಲ ಕರೆ ಮಾಡಿ ನೋಡಿ, ಹೇಗೆ ಮಾತಾಡುತ್ತಾರೆ ಎಂದು ಓದುಗರಿಗೆ ನಿಮ್ಮ ಮಾತಿನಲ್ಲಿ ಹೇಳಬಹುದು.

ಹುಡುಕಿಕೊಂಡು ಹೋಗಬೇಕಾದ ಸುದ್ದಿ

ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. 1985ರಿಂದ ಐದು ವರ್ಷ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ತಂದರು. ಅದನ್ನು ನೋಡಿ 1996ರಲ್ಲಿ ಕೇಂದ್ರ ಸರ್ಕಾರ ಕಾರ್ಯಕ್ರಮ ಶುರು ಮಾಡಿತು. ಇದನ್ನು ಬಳ್ಳಾರಿಯ ವರದಿಗಾರರೇ ಎಷ್ಟು ಜನ ಬರೆದಿದ್ದಾರೆ? ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. ನಿಮ್ಮ ತಾಲ್ಲೂಕಿನಲ್ಲಿ ಬರುತ್ತಾರೆಯೇ ಎಂದು ನಾಲ್ಕು ಮಂಗಳವಾರ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತು ನೋಡಿ. ಮಾತ್ರೆ ಎಷ್ಟು ದಿನಕ್ಕೆ ಕೊಡುತ್ತಾರೆ, ತರಲು ಬಂದವರ ಒಂದು ದಿನದ ಕೂಲಿ ಎಷ್ಟು ಹೋಯಿತು, ಬಸ್ ಚಾರ್ಜ್ ಎಷ್ಟು ಎಂದು ಬರೆದುಕೊಳ್ಳಿ. ಚಿಕಿತ್ಸೆ ಬೇಕಾದವರಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಅದು ಸಿಗುತ್ತಿಲ್ಲ ಎಂದು ಅದೇ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಆ ಬೆಂಚಿನ ಮೇಲೆ ಕುಳಿತರೆ ಕಾರಣ ಗೊತ್ತಾಗುತ್ತದೆ.

ಗುಣವಾದವರ ಕಥೆ ಬರೆಯುವಾಗ ‘ಪವಾಡ’, ‘ಮರುಹುಟ್ಟು’ ಬೇಡ. ಮಾತ್ರೆ, ಮನೆಯವರು, ಕೆಲಸ ಕೊಟ್ಟ ಅಂಗಡಿಯವರು, ಹೀಗೆ ಯಾವುದರಿಂದ ಏನಾಯಿತು ಎಂದು ಬಿಡಿಸಿ ಬರೆಯಿರಿ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಕನ್ನಡದಲ್ಲಿ ಮನೆಮಾತಿನ ಹಾಗೆ ಈ ವಿಷಯಗಳನ್ನು ಬರೆದಿದ್ದಾರೆ. ಕನ್ನಡದಲ್ಲಿ ಇದಕ್ಕೆ ಪದಗಳಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಅವರ ಬರಹ ತೋರಿಸುತ್ತೇನೆ.

ಮನೆಯವರು ಬಂದಾಗ

ಬರುತ್ತಾರೆ, ಅಥವಾ ಫೋನ್ ಮಾಡುತ್ತಾರೆ. ‘ಠಾಣೆಯಲ್ಲಿ ಹೇಳಿದ್ದನ್ನೇ ಬರೆದಿದ್ದೇವೆ’ ಎಂಬ ಉತ್ತರ ಕೊಡಬೇಡಿ, ಆ ತಾಯಿಗೆ ನಾನು ಮೊದಲು ಕೊಟ್ಟ ಉತ್ತರ ಅದೇ. ಕೂರಿಸಿ, ಏನು ತಪ್ಪಾಗಿದೆ ಎಂದು ಬರೆದುಕೊಳ್ಳಿ. ಅಂತರ್ಜಾಲದ ಸುದ್ದಿಯಿಂದ ಹೆಸರನ್ನೂ ಚಿತ್ರವನ್ನೂ ಅವತ್ತೇ ತೆಗೆಸಿ, ಇ-ಪೇಪರಿನ ಪುಟ ಉಳಿಯುತ್ತದೆಯೇ ಎಂದು ತಾಂತ್ರಿಕ ವಿಭಾಗವನ್ನು ಕೇಳಿ, ಫೇಸ್‌ಬುಕ್ ಪುಟದಲ್ಲಿ ಹಾಕಿದ್ದರೆ ಅಲ್ಲಿನ ಕಾಮೆಂಟುಗಳ ಸಮೇತ ಅಳಿಸಿ. ತಾಲ್ಲೂಕಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿದವರು ನೀವೇ ಆಗಿದ್ದರೆ ಅಲ್ಲಿಯೂ ತೆಗೆಯಿರಿ. ತಿದ್ದುಪಡಿ ಹಾಕಬೇಕೇ ಎಂಬುದನ್ನು ಅವರೇ ಹೇಳಲಿ, ಎಷ್ಟೋ ಮನೆಗಳಿಗೆ ಅದು ಇನ್ನೊಂದು ಸಲ ಊರಿಗೆಲ್ಲ ಸಾರಿದಂತೆ. ಹಾಕಿ ಎಂದರೆ, ಹಳೆಯ ತಲೆಬರಹವನ್ನು ಅದರೊಳಗೆ ಮತ್ತೆ ಅಚ್ಚು ಮಾಡಬೇಡಿ.